ಬಿಸಿಲಿನ ಅಂಗಳಕ್ಕೆ ಸಂಜೆ ಅರಳುವ ಹೂ ಯಾವುದು?

ಪ್ರಶ್ನೆ: ಕುಶಾಲನಗರದ ಹತ್ತಿರ ನಮ್ಮ ಮನೆ. ಅಂಗಳಕ್ಕೆ ದಿನವಿಡೀ ಬಿಸಿಲು, ಬೇಸಿಗೆಯಲ್ಲಿ ನೀರೂ ಕಡಿಮೆ. ಕೆಲಸ ಮುಗಿಸಿ ಬರುವ ಹೊತ್ತಿಗೆ ಅರಳುವ, ಪ್ರತಿ ವರ್ಷ ನೆಡಬೇಕಿಲ್ಲದ ಹೂಗಿಡ ಇದೆಯೇ?

ಉತ್ತರ: ಇದೆ. ಸಂಜೆಮಲ್ಲಿಗೆ ಹಾಕಿ. ನಿಮ್ಮ ಅಂಗಳಕ್ಕೆ ಇದಕ್ಕಿಂತ ಒಳ್ಳೆಯದು ನನಗೆ ಕಾಣುವುದಿಲ್ಲ. ಸಂಜೆ ನಾಲ್ಕೈದು ಗಂಟೆಗೆ ಅರಳಿದರೆ ಬೆಳಿಗ್ಗೆ ಬಿಸಿಲೇರುವ ತನಕ ಇರುತ್ತದೆ. ಮೋಡದ ದಿನ ಇನ್ನೂ ಜಾಸ್ತಿ ಹೊತ್ತು. ಒಂದೇ ಗಿಡದಲ್ಲಿ ಹಳದಿ, ಗುಲಾಬಿ ಎರಡೂ ಬಣ್ಣ ಬರುವುದುಂಟು. ಕತ್ತಲಾದ ಮೇಲೆ ಉದ್ದ ಸೊಂಡಿಲಿನ ದೊಡ್ಡ ಪತಂಗಗಳು ಜೇನು ಹೀರಲು ಬರುತ್ತವೆ. ಸ್ವಲ್ಪ ಹೊತ್ತು ಜಗಲಿಯಲ್ಲಿ ಕೂತು ನೋಡಿ, ಬಹಳ ಚೆನ್ನಾಗಿರುತ್ತದೆ.

ಇದರ ಬೇರು ಗೆಡ್ಡೆಯ ಹಾಗೆ ದಪ್ಪ. ನೀರು, ಆಹಾರ ಎಲ್ಲ ಅಲ್ಲೇ ಕೂಡಿಟ್ಟುಕೊಳ್ಳುತ್ತದೆ. ಹಾಗಾಗಿ ಬೇಸಿಗೆಯಲ್ಲಿ ಗಿಡ ಒಣಗಿತು ಅಂತ ಕಿತ್ತು ಹಾಕಬೇಡಿ. ಹೂಮಳೆ, ಅಂದರೆ ಕಾಫಿ ಹೂ ಅರಳಿಸುವ ಬೇಸಿಗೆ ಮಳೆ, ಬಿದ್ದರೆ ಬುಡದಿಂದ ಮತ್ತೆ ಚಿಗುರುತ್ತದೆ.

ಕೊಡಗಿನಲ್ಲಿ ಇದಕ್ಕೆ ಬೇಸಿಗೆಗಿಂತ ಮಳೆಗಾಲವೇ ಕಷ್ಟ. ಮಡಿಕೇರಿಯಲ್ಲಿ ವರ್ಷಕ್ಕೆ 3,000 ಮಿ.ಮೀ.ಗೂ ಹೆಚ್ಚು ಮಳೆ. ನಿಮ್ಮ ಕಡೆ ಅದರ ಅರ್ಧವೂ ಇಲ್ಲ, ಆದರೂ ಜುಲೈನಲ್ಲಿ ಬುಡದಲ್ಲಿ ನೀರು ನಿಂತರೆ ಗೆಡ್ಡೆ ಕೊಳೆತೇ ಹೋಗುತ್ತದೆ. ಜಾಗ ಆರಿಸುವಾಗ ಬಿಸಿಲಿನ ಜೊತೆಗೆ ಮಳೆನೀರು ಎಲ್ಲಿ ಹರಿಯುತ್ತದೆ ಅಂತಲೂ ನೋಡಿ. ಇಳಿಜಾರಿನ ಅಂಚು ಒಳ್ಳೆಯದು. ಸಮತಟ್ಟಾಗಿದ್ದರೆ ಅರ್ಧ ಅಡಿ ಎತ್ತರದ ಮಡಿ ಮಾಡಿ, ಮಣ್ಣಿಗೆ ಮರಳು ಸೇರಿಸಿ. ಸೂರಿನ ನೀರು ಬೀಳುವಲ್ಲಿ ಮಾತ್ರ ಬೇಡ.

ಬೀಜವನ್ನು ರಾತ್ರಿ ನೆನೆಸಿ, ಬೆಳಿಗ್ಗೆ ಅರ್ಧ ಇಂಚು ಆಳಕ್ಕೆ ಊರಿ. ಗಿಡದಿಂದ ಗಿಡಕ್ಕೆ ಎರಡು ಅಡಿ ಬಿಡಿ. ಗೊಬ್ಬರ ಜಾಸ್ತಿಯಾದರೆ ಬರೀ ಎಲೆ ಬೆಳೆಯುತ್ತದೆ.

ಪರಿಮಳ ಇನ್ನೂ ಬೇಕು ಅಂದರೆ ಪಕ್ಕದಲ್ಲಿ ಸುಗಂಧರಾಜದ ಗೆಡ್ಡೆ ನೆಡಿ. ಹಲವು ಸುತ್ತು ಎಸಳಿನ ಡಬಲ್‌ಗಿಂತ ಒಂದೇ ಸುತ್ತಿನ ಸಿಂಗಲ್ ಹೂವಿನದೇ ಹೆಚ್ಚು ಪರಿಮಳ. ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯ 'ಪ್ರಜ್ವಲ್', 'ಶೃಂಗಾರ್' ತಳಿಗಳು ಸಿಂಗಲ್. ಇದಕ್ಕೆ ಬೇಸಿಗೆಯಲ್ಲೂ ಆಗಾಗ ನೀರು ಬೇಕು, ಹಾಗಾಗಿ ನಾಲ್ಕೈದು ಗೆಡ್ಡೆ ಸಾಕು. ಬ್ರಹ್ಮಕಮಲ ಈ ಜಾಗಕ್ಕೆ ಬೇಡ. ಸುಡುಬಿಸಿಲಿಗೆ ಅದರ ಎಲೆ ಹಳದಿಯಾಗುತ್ತದೆ.

ಮನೆಯಲ್ಲಿ ಮಕ್ಕಳಿದ್ದರೆ ಒಂದು ಎಚ್ಚರಿಕೆ. ಸಂಜೆಮಲ್ಲಿಗೆ ಬೀಜ ನೋಡಲು ಕಾಳುಮೆಣಸಿನ ಹಾಗೇ ಇರುತ್ತದೆ, ಅದು ವಿಷ. ಅಂಗಳದಲ್ಲಿ ಮೆಣಸು ಒಣಗಿಸುವವರಾದರೆ ಗಿಡವನ್ನು ಆ ಜಾಗದಿಂದ ದೂರವೇ ಹಾಕಿ.