ಸೀಮೆಸುಣ್ಣ ಹಚ್ಚಿದ ಅರ

ಐಟಿಐನಲ್ಲಿ ಫಿಟ್ಟರ್ ಟ್ರೇಡ್ ಕಲಿತ ಯಾರನ್ನಾದರೂ ಕೇಳಿ ನೋಡಿ. ಮೊದಲ ದಿನಗಳ ನೆನಪು ಅಂದರೆ ಫೈಲಿಂಗ್. ವೈಸಿಗೆ ಕಬ್ಬಿಣದ ತುಂಡು ಕಚ್ಚಿಸಿ ಅರದಿಂದ ಉಜ್ಜುವುದು, ಮತ್ತೆ ಉಜ್ಜುವುದು. ಅಂಗೈ ತುಂಬಾ ಬೊಬ್ಬೆ. ಅಷ್ಟೊಂದು ಮೆಷಿನ್ ಇರುವಾಗ ಸುಮ್ನೆ ಇದೇನು ಶಿಕ್ಷೆ ಅನಿಸುತ್ತದೆ, ಅಲ್ವಾ?

ಅರದ ಹಲ್ಲು ಲೋಹ ಕೆರೆಯುವುದು ಮುಂದೆ ತಳ್ಳುವಾಗ ಮಾತ್ರ. ಹೊಸಬರು ಹಿಂದಕ್ಕೆ ಎಳೆಯುವಾಗಲೂ ಒತ್ತುತ್ತಾರೆ. ಆಗ ಸವೆಯುವುದು ಜಾಬ್ (ಉಜ್ಜುವ ತುಂಡು) ಅಲ್ಲ, ಅರದ ಹಲ್ಲು. ಕೆರೆದ ಪುಡಿ ಹಲ್ಲುಗಳ ಸಂದಿಯಲ್ಲಿ ಸಿಕ್ಕಿಕೊಳ್ಳುವುದು ಇನ್ನೊಂದು ತೊಂದರೆ. ಹಾಗೆ ಸಿಕ್ಕಿದ ಒಂದು ಚೂರು ಸಾಕು, ಅರ್ಧ ದಿನ ಉಜ್ಜಿ ನುಣುಪು ಮಾಡಿದ ಮೈ ಮೇಲೆ ಉದ್ದಕ್ಕೆ ಗೀರು ಬೀಳುತ್ತದೆ. ಅದಕ್ಕೇ ಅರಕ್ಕೆ ಸೀಮೆಸುಣ್ಣ ಹಚ್ಚುವುದು. ಸಂದಿಯಲ್ಲಿ ಮೊದಲೇ ಸುಣ್ಣ ತುಂಬಿದ್ದರೆ ಚೂರು ಗಟ್ಟಿಯಾಗಿ ಕಚ್ಚಿಕೊಳ್ಳುವುದಿಲ್ಲ. ತಂತಿ ಬ್ರಷ್‌ನಿಂದ ಗುಡಿಸಿದರೆ ಉದುರುತ್ತದೆ.

ಇದನ್ನೆಲ್ಲ ಮೊದಲ ದಿನವೇ ಹೇಳಿಕೊಟ್ಟಿರುತ್ತಾರೆ. ಆದರೂ ಹುಡುಗರು ಮರೆಯುತ್ತಾರೆ. ಸೋಮಾರಿತನವೇ? ಇರಲಾರದು. ಕೈಕೆಲಸ ಮೂರು ಹಂತದಲ್ಲಿ ಕೂಡಿಬರುತ್ತದೆ ಎಂದು ಪಾಲ್ ಫಿಟ್ಸ್ ಮತ್ತು ಮೈಕಲ್ ಪೋಸ್ನರ್ ಎಂಬ ಮನೋವಿಜ್ಞಾನಿಗಳು 1967ರಲ್ಲಿ ವಿವರಿಸಿದ್ದರು. ಮೊದಲು ಪ್ರತಿ ಚಲನೆಯನ್ನೂ ಯೋಚಿಸಿ ಮಾಡುತ್ತೇವೆ. ಆಮೇಲೆ ತಪ್ಪು ತಿದ್ದಿಕೊಳ್ಳುತ್ತೇವೆ. ಕೊನೆಗೆ ಕೈ ತಾನಾಗೇ ಮಾಡುತ್ತದೆ. ಅರ ತಕ್ಕಡಿಯಂತೆ ತೂಗದ ಹಾಗೆ ಮಟ್ಟಸವಾಗಿ ತಳ್ಳುವುದಕ್ಕೇ ಹೊಸಬರ ಗಮನವೆಲ್ಲ ಖರ್ಚಾಗುತ್ತದೆ. ಸೀಮೆಸುಣ್ಣ ನೆನಪಾಗುವುದಾದರೂ ಹೇಗೆ? ತಳ್ಳುವುದು ರೂಢಿಯಾದ ಮೇಲೆ ಗಮನಕ್ಕೆ ಬಿಡುವು ಸಿಗುತ್ತದೆ. ಸದ್ದು ಬದಲಾಗಿದ್ದು, ಅರ ಜಾರಿದ್ದು ಆಗ ಗೊತ್ತಾಗುತ್ತದೆ. ಹಾಗಾಗಿ ಮೊದಲ ವಾರ ಬೈಯುವುದಕ್ಕಿಂತ ಇನ್ನೊಂದಿಷ್ಟು ಉಜ್ಜಿಸುವುದೇ ವಾಸಿ ಎಂದು ನನಗನಿಸುತ್ತದೆ.

ಉಳಿಗೆ ಸಾಣೆ ಹಿಡಿಯುವಾಗಲೂ ಹೀಗೇ. ಬೆಂಚ್ ಗ್ರೈಂಡರ್‌ಗೆ ಜಾಸ್ತಿ ಒತ್ತಿದರೆ ಬಾಯಿ ಮೊದಲು ಹುಲ್ಲಿನಂಥ ಹಳದಿಗೆ ತಿರುಗಿ, ಆಮೇಲೆ ನೀಲಿಯಾಗುತ್ತದೆ. ನೀಲಿ ಬಂತೆಂದರೆ ಉಕ್ಕು ಸುಮಾರು 300 ಡಿಗ್ರಿ ಸೆಲ್ಸಿಯಸ್ ಮುಟ್ಟಿದೆ, ಹದ ಇಳಿದಿದೆ. ಅಂಥ ಉಳಿ ಎಷ್ಟು ಚೂಪಾಗಿದ್ದರೂ ಬೇಗ ಮೊಂಡಾಗುತ್ತದೆ. ಪಳಗಿದವರು ಬಣ್ಣ ಕಾಣುವ ಮೊದಲೇ ನೀರಿಗೆ ಅದ್ದುತ್ತಾರೆ.

ಅರಗಳನ್ನು ಚಮಚಗಳಂತೆ ಒಂದೇ ಡ್ರಾಯರಿಗೆ ತುರುಕುವುದನ್ನೂ ನೋಡಿದ್ದೇನೆ. ಎಲ್ಲವೂ ಅಷ್ಟೇ ಗಟ್ಟಿ, ಒಂದರ ಹಲ್ಲನ್ನು ಇನ್ನೊಂದು ತಿನ್ನುತ್ತದೆ.

ತೀರಾ ಸಣ್ಣ ಅಳತೆ ತೆಗೆಯುವ ಮೈಕ್ರೋಮೀಟರನ್ನು ಪೆಟ್ಟಿಗೆಗೆ ಇಡುವಾಗ ಅನುಭವಿ ಫಿಟ್ಟರ್ ಅದರ ಎರಡು ಅಳೆಯುವ ಮುಖಗಳ ನಡುವೆ ಸ್ವಲ್ಪ ಜಾಗ ಬಿಡುತ್ತಾನೆ. ಅವು ಒತ್ತಿಕೊಂಡಿದ್ದರೆ ನಡುವೆ ತೇವ ನಿಂತು ತುಕ್ಕು ಹಿಡಿಯಬಹುದು, ಸೆಕೆಗೆ ಲೋಹ ಹಿಗ್ಗಿ ಬಿಗಿಯಲೂಬಹುದು. ಯಾಕೆ ಜಾಗ ಬಿಟ್ಟೆ ಎಂದು ಕೇಳಿ ನೋಡಿ, ಉತ್ತರಕ್ಕೆ ಅವನು ಒಂದು ಕ್ಷಣ ತಡವರಿಸುತ್ತಾನೆ.