ಕಸ್ತೆಲ್ಲೊ ಶಾತೊ ಆದದ್ದು ಹೇಗೆ: ಫ್ರೆಂಚ್, ಇಟಾಲಿಯನ್ ಕಲಿಯುವವರಿಗೆ ಒಂದು ಟಿಪ್ಪಣಿ

ತಮಿಳಿನ ಪಾಲ್ ನಮ್ಮಲ್ಲಿ ಹಾಲು, ಪಲ್ ಹಲ್ಲು, ಪುಲಿ ಹುಲಿ. ಇಷ್ಟು ಗೊತ್ತಾದವರು 'ಪೂ' ಎಂದರೇನೆಂದು ನಿಘಂಟು ತೆರೆಯಬೇಕಿಲ್ಲ. ಫ್ರೆಂಚ್ ಮತ್ತು ಇಟಾಲಿಯನ್ ನಡುವೆಯೂ ಇಂಥ ನಾಲ್ಕಾರು ಹೊಂದಾಣಿಕೆಗಳಿವೆ. ಪಿಯುಸಿಯಲ್ಲಿ ಅಂಕದ ಆಸೆಗೆ ಫ್ರೆಂಚ್ ತೆಗೆದುಕೊಂಡು, ಎಷ್ಟೋ ವರ್ಷದ ಮೇಲೆ ಇಟಾಲಿಯನ್‌ಗೆ ಕೈ ಹಾಕಿದ ನಾನು ಮೊದಲ ಎರಡು ತಿಂಗಳು ಜೋಡಿಪದಗಳ ಪಟ್ಟಿ ಉರು ಹೊಡೆದೆ. ದಂಡ. ಆಮೇಲೆ ಈ ಹೊಂದಾಣಿಕೆಗಳು ಕಣ್ಣಿಗೆ ಬಿದ್ದವು.

ಎರಡರದ್ದೂ ತಾಯಿಬೇರು ಜನರ ಆಡುಮಾತಿನ ಲ್ಯಾಟಿನ್. ನಮ್ಮ ಹಲ್ಮಿಡಿ ಶಾಸನ ಕೆತ್ತುವಾಗ ಇವೆರಡೂ ಬೇರೆ ಭಾಷೆಗಳೇ ಆಗಿರಲಿಲ್ಲ. ಫ್ರೆಂಚ್ ಬರಹದ ಮೊದಲ ಕುರುಹು 842ರಲ್ಲಿ ಇಬ್ಬರು ರಾಜರು ಮಾಡಿಕೊಂಡ ಸ್ಟ್ರಾಸ್‌ಬರ್ಗ್ ಪ್ರಮಾಣಗಳಲ್ಲಿ ಸಿಕ್ಕರೆ, ಇಟಲಿಯ ಆಡುಮಾತು 960ರಲ್ಲಿ ಕಾಪುವಾ ಎಂಬ ಊರಿನ ಜಮೀನು ವ್ಯಾಜ್ಯದ ದಾಖಲೆಯೊಂದರಲ್ಲಿ ಇಣುಕುತ್ತದೆ.

ಮೊದಲು ಹಿಡಿಯಬೇಕಾದ ಎಳೆ ಕ ಮತ್ತು ಶ. ಲ್ಯಾಟಿನ್ ಪದದ ಮೊದಲಲ್ಲಿ 'ಅ' ಸ್ವರದ ಜೊತೆ ಬರುವ 'ಕ' ಇಟಾಲಿಯನ್ನಿನಲ್ಲಿ ಹಾಗೇ ಉಳಿಯಿತು, ಫ್ರೆಂಚಿನಲ್ಲಿ ಮೆತ್ತಗಾಗಿ 'ಶ' ಆಯಿತು. ಹಾಡು ಎನ್ನಲು ಕಂತಾರೆ, ಶಾಂತೆ. ಮೇಕೆ ಕಾಪ್ರಾ, ಶೆವ್ರ್. ಕುದುರೆ ಕವಾಲ್ಲೊ, ಶೆವಾಲ್. ಹೊಲ ಕಾಂಪೊ, ಶಾಂ. ನಮ್ಮ ಕಿವಿ ತೆಲುಗಿನಲ್ಲಿ ಚೆವಿ, ಕೆರೆ ಅಲ್ಲಿ ಚೆರುವು ಆಗುವುದಿಲ್ಲವೇ, ಹೆಚ್ಚುಕಡಿಮೆ ಅದೇ ಜಾತಿಯ ಬದಲಾವಣೆ. ಎರಡನೆಯದು, ಫ್ರೆಂಚ್ ಸ್ವರದ ತಲೆಯ ಮೇಲಿನ ಟೋಪಿ, ಅಂದರೆ ^ ಗುರುತು. ಅನೇಕ ಪದಗಳಲ್ಲಿ ಅದು ಸತ್ತ 'ಸ'ಕಾರದ ಸಮಾಧಿಕಲ್ಲು. ಇಟಾಲಿಯನ್ನಿನಲ್ಲಿ ಆ ಸಕಾರ ಇನ್ನೂ ಬದುಕಿದೆ: ಹಬ್ಬಕ್ಕೆ ಫೆಸ್ತಾ, ಫೆತ್, ಕಾಡಿಗೆ ಫೊರೆಸ್ತಾ, ಫೊರೆ. ಮೂರನೆಯದು, 'ಎಲ್ಲೊ' ಎಂದು ಮುಗಿಯುವ ಪದ ಫ್ರೆಂಚಿನಲ್ಲಿ ಬರೀ 'ಒ' ಆಗುತ್ತದೆ: ಸುಂದರ ಎನ್ನಲು ಬೆಲ್ಲೊ, ಬೊ, ಚಾಕುವಿಗೆ ಕೊಲ್ತೆಲ್ಲೊ, ಕೂತೊ.

ಈಗ ಕೋಟೆಗೆ ಇಟಾಲಿಯನ್ ಪದ ಕಸ್ತೆಲ್ಲೊ. ಕ ಹೋಗಿ ಶ ಬಂತು, ಸ ಬಿತ್ತು, ಎಲ್ಲೊ ಹೋಗಿ ಒ ಉಳಿಯಿತು: ಶಾತೊ. ಒಂದೇ ಪದದಲ್ಲಿ ಮೂರೂ ನಿಯಮ. ಟೋಪಿಯ ಕಪ್ಪೆಲ್ಲೊ ಶಾಪೊ ಆದದ್ದನ್ನು ನೀವೇ ಬಿಡಿಸಿ ನೋಡಿ.

ಇಟಾಲಿಯನ್ನೇ ಯಾವಾಗಲೂ ಲ್ಯಾಟಿನ್ನಿಗೆ ಹತ್ತಿರ ಎಂದೇನಿಲ್ಲ. ಒತ್ತಾಗಿ ಬರುವ ಲಕಾರವನ್ನು ಫ್ರೆಂಚ್ ಉಳಿಸಿಕೊಂಡಿದೆ, ಇಟಾಲಿಯನ್ ಅದನ್ನು 'ಯ' ಮಾಡಿದೆ: ತುಂಬಿದ್ದು ಪ್ಲ್ಯಾಂ, ಪ್ಯೇನೊ, ಹೂ ಫ್ಲರ್, ಫ್ಯೋರೆ, ಬೀಗದ ಕೈ ಕ್ಲೆ, ಕ್ಯಾವೆ.

ಲಿಂಗದ ವಿಷಯದಲ್ಲಿ ಬಹುಪಾಲು ಎರಡೂ ಒಂದೇ. ಜಾರುವ ಜಾಗ ಒಂದಿದೆ. ಬಣ್ಣ, ನೋವು, ಸೆಕೆ, ಹೂ: ಕೊಲೋರೆ, ದೊಲೋರೆ, ಕಲೋರೆ, ಫ್ಯೋರೆ ಇಟಾಲಿಯನ್ನಿನಲ್ಲಿ ಪುಲ್ಲಿಂಗ, ಅವೇ ಕುಲರ್, ದುಲರ್, ಶಲರ್, ಫ್ಲರ್ ಫ್ರೆಂಚಿನಲ್ಲಿ ಸ್ತ್ರೀಲಿಂಗ. ಸಮುದ್ರವೂ ಹಾಗೇ, ಮಾರೆ ಗಂಡು, ಮೆರ್ ಹೆಣ್ಣು.

ಭೂತಕಾಲ ಒಂದು ಕಲಿತರೆ ಇನ್ನೊಂದು ಮುಕ್ಕಾಲು ಬಂದಂತೆ. ಎರಡರಲ್ಲೂ ಸಹಾಯಕ್ಕೆ ಎರಡು ಕ್ರಿಯಾಪದಗಳು, 'ಹೊಂದಿರು' ಮತ್ತು 'ಇರು'. ತಿಂದೆ ಎನ್ನಲು ಮೊದಲನೆಯದು: ಫ್ರೆಂಚಿನಲ್ಲಿ ಝೆ ಮಾಂಝೆ, ಇಟಾಲಿಯನ್ನಿನಲ್ಲಿ ಒ ಮಂಜಾತೊ. ಹೋದೆ ಎನ್ನಲು ಎರಡನೆಯದು, ಆಗ ಹೋದವರು ಗಂಡೋ ಹೆಣ್ಣೋ ಎಂಬುದನ್ನು ಕ್ರಿಯಾಪದವೇ ತೋರಿಸುತ್ತದೆ. ಆದರೆ 'ಇದ್ದೆ' ಎನ್ನುವಾಗ ಫ್ರೆಂಚ್ 'ಹೊಂದಿರು'ವನ್ನು ಬಳಸುತ್ತದೆ, ಇಟಾಲಿಯನ್ 'ಇರು'ವನ್ನೇ. ನನ್ನ ಕೆಂಪು ಶಾಯಿಯ ತಪ್ಪುಗಳಲ್ಲಿ ಅರ್ಧ ಇಲ್ಲೇ.

ಕನ್ನಡದವರು ಎರಡರಲ್ಲೂ ಒಂದೇ ರೀತಿ ಎಡವುವ ಜಾಗ ಬೇರೆಯೇ. "ಎಷ್ಟು ಹಣ್ಣು ಬೇಕು?" ಎಂದರೆ "ಎರಡು ಬೇಕು" ಎಂದು ನಾವು ಸುಮ್ಮನಾಗುತ್ತೇವೆ. ಅಲ್ಲಿ 'ಅದರಲ್ಲಿ' ಎಂಬ ಪುಟ್ಟ ಪದ ಸೇರಲೇಬೇಕು, ಫ್ರೆಂಚಿನಲ್ಲಿ ಆಂ, ಇಟಾಲಿಯನ್ನಿನಲ್ಲಿ ನೆ. ಬದಲಿಗೆ ಇಟಾಲಿಯನ್ ನಮಗೆ ಎರಡು ರಿಯಾಯಿತಿ ಕೊಡುತ್ತದೆ. ಕ್ರಿಯಾಪದದ ಬಾಲವೇ ಕರ್ತೃವನ್ನು ಹೇಳುವುದರಿಂದ 'ನಾನು' ಎನ್ನಬೇಕಿಲ್ಲ, ನಮ್ಮ 'ಬರ್ತೀನಿ' ಥರ. ಫ್ರೆಂಚಿನಲ್ಲಿ ಆ ಬಾಲಗಳು ಕಾಗದದಲ್ಲಿ ಉಳಿದು ಬಾಯಲ್ಲಿ ಸವೆದುಹೋಗಿವೆ, ಹಾಗಾಗಿ ಕರ್ತೃ ಬಿಡುವಂತಿಲ್ಲ. ಇನ್ನೊಂದು, ಒತ್ತಕ್ಷರ. ನೋನೊ ಎಂದರೆ ಒಂಬತ್ತನೆಯ, ನೊನ್ನೊ ಎಂದರೆ ಅಜ್ಜ. ಬಳಿ, ಬಳ್ಳಿ ಎಂದು ಬೇರೆ ಬೇರೆ ಉಚ್ಚರಿಸುವ ನಾಲಗೆಗೆ ಇದು ಲೆಕ್ಕವೇ ಅಲ್ಲ. ಫ್ರೆಂಚರು ಮಾತ್ರ ಇಲ್ಲಿ ತಿಣುಕುತ್ತಾರೆ.

ಎರಡರ ಪದಸಾಮ್ಯ ಶೇ. 89 ಎಂಬ ಅಂಕಿ ಎಲ್ಲೆಡೆ ಓಡಾಡುತ್ತದೆ. ಅದನ್ನು ನಂಬಿ ರೇಡಿಯೊ ಹಚ್ಚಬೇಡಿ. ಆ ಸಾಮ್ಯ ಕಣ್ಣಿಗೆ ಇರುವಷ್ಟು ಕಿವಿಗಿಲ್ಲ. ಇಟಲಿಯ ಅಗೋಸ್ತೊ ತಿಂಗಳು ಫ್ರೆಂಚರ ಬಾಯಲ್ಲಿ ಬರೀ 'ಊತ್', ಎಷ್ಟೋ ಜನರ ಬಾಯಲ್ಲಿ ಅದೂ ಇಲ್ಲದೆ 'ಊ'. ನೀರು ಅಲ್ಲಿ ಅಕ್ಕ್ವಾ, ಇಲ್ಲಿ 'ಒ'. ಮೂಲ ಎರಡಕ್ಕೂ ಒಂದೇ. 'ಕಿ' ಎಂದರೆ ಮಾತ್ರ ಎರಡೂ ಕಡೆ 'ಯಾರು', ಉಚ್ಚಾರವೂ ಅದೇ. ಆದರೆ ಕ್ಯು-ಯು-ಐ ಎಂಬ ಫ್ರೆಂಚ್ ಕಾಗುಣಿತವನ್ನೇ ಇಟಲಿಯವರು 'ಕ್ವಿ' ಎಂದು ಓದುತ್ತಾರೆ, ಅರ್ಥ 'ಇಲ್ಲಿ'.

ವೇಷ ಹಾಕಿದ ಪದಗಳೂ ಇವೆ. ಎಸ್-ಎ-ಎಲ್-ಇ ಎಂದು ಬರೆದರೆ ಫ್ರೆಂಚಿನಲ್ಲಿ ಕೊಳಕು, ಇಟಾಲಿಯನ್ನಿನಲ್ಲಿ ಉಪ್ಪು. ಫ್ರೆಂಚಿನ ಗಾರ್ ರೈಲು ನಿಲ್ದಾಣ, ಇಟಾಲಿಯನ್ನಿನ ಗಾರಾ ಸ್ಪರ್ಧೆ. ನನಗೆ ಪಾಠ ಕಲಿಸಿದ್ದು ಫೆರ್ಮಾತಾ. ರೋಮಿನಲ್ಲಿ ಬಸ್ಸಿಗೆ ಕಾಯಲು ಹೋದರೆ ಕಂಬದ ಮೇಲೆ ಆ ಪದ. ಫ್ರೆಂಚ್ ತಲೆ ಕೂಡಲೇ ಫೆರ್ಮೆ ಎಂದು ಓದಿತು, ಅಂದರೆ ಮುಚ್ಚಿದೆ. ಸರಿ ಎಂದು ಪೆಟ್ಟಿಗೆ ಎಳೆದುಕೊಂಡು ಮುಂದಿನ ನಿಲ್ದಾಣಕ್ಕೆ ನಡೆದೆ. ಅಲ್ಲೂ ಮುಚ್ಚಿತ್ತು. ಮೂರನೆಯ ಮುಚ್ಚಿದ ನಿಲ್ದಾಣದಲ್ಲಿ ಬಸ್ಸು ಬಂದು ನಿಂತಾಗ ತಿಳಿಯಿತು: ಫೆರ್ಮಾರೆ ಎಂದರೆ ನಿಲ್ಲಿಸು, ಫೆರ್ಮಾತಾ ಎಂದರೆ ನಿಲುಗಡೆ. ಲ್ಯಾಟಿನ್ನಿನಲ್ಲಿ 'ಭದ್ರಪಡಿಸು' ಎಂಬ ಒಂದೇ ಪದ. ಫ್ರೆಂಚರು ಬಾಗಿಲನ್ನು ಭದ್ರಪಡಿಸಿದರು, ಇಟಲಿಯವರು ಬಂಡಿಯನ್ನು.