ಪೊರೆ ದಪ್ಪವಾದರೂ ಅಲ್ಬುಮಿನ್ ಸೋರುವುದೇಕೆ?

ಸಕ್ಕರೆ ಕಾಯಿಲೆಯಲ್ಲಿ ಕಿಡ್ನಿಯ ರಕ್ತ ಸೋಸುವ ನಾಳಗುಚ್ಛವಾದ ಗ್ಲೊಮೆರುಲಸ್‌ನ ಬೇಸ್‌ಮೆಂಟ್ ಪೊರೆ ದಪ್ಪವಾಗುತ್ತದೆ ಎಂದು ಬರೆಯುತ್ತೇವೆ. ಮರುಸಾಲಿನಲ್ಲೇ ಮೂತ್ರದಲ್ಲಿ ಅಲ್ಬುಮಿನ್ ಎಂಬ ರಕ್ತದ ಪ್ರೋಟೀನ್ ಹೆಚ್ಚುತ್ತದೆ ಎಂದೂ ಬರೆಯುತ್ತೇವೆ. ಎರಡೂ ನಿಜ. ಆದರೆ ಇವೆರಡರ ನಂಟು ತಿಳಿಯದೆ ಈ ಪಾಠ ತಲೆಯಲ್ಲಿ ನಿಲ್ಲುವುದಿಲ್ಲ.

ಸೋಸುವ ತಡೆಗೆ ಮೂರು ಪದರ. ಒಳಗೆ ರಂಧ್ರಗಳಿರುವ ಎಂಡೋಥೀಲಿಯಮ್ (ರಕ್ತನಾಳದ ಒಳಪದರ), ಅದಕ್ಕೆ ಋಣ ವಿದ್ಯುದಂಶದ ಗ್ಲೈಕೋಕ್ಯಾಲಿಕ್ಸ್ ಲೇಪ. ನಡುವೆ ಸುಮಾರು 300–350 ನ್ಯಾನೊಮೀಟರ್ ದಪ್ಪದ ಪೊರೆ. ಹೊರಗೆ ಪೋಡೋಸೈಟ್ ಎಂಬ ಕೋಶಗಳ ಪಾದಗಳು, ಅವುಗಳ ಸಂದಿಯಲ್ಲಿ ನೆಫ್ರಿನ್ ಪ್ರೋಟೀನ್ ಹೆಣೆದ ತೆಳುಪರದೆ, ಸ್ಲಿಟ್ ಡಯಾಫ್ರಮ್. ದಿನಕ್ಕೆ ಸುಮಾರು 180 ಲೀಟರ್ ಸೋಸಿದರೂ ಮೂತ್ರಕ್ಕೆ ಹೋಗುವ ಅಲ್ಬುಮಿನ್ 30 ಮಿಲಿಗ್ರಾಂ ಕೂಡ ಇರುವುದಿಲ್ಲ.

ಹಾನಿ ಶುರುವಾಗುವುದು ಒತ್ತಡದಿಂದ. ರಕ್ತದಲ್ಲಿ ಸಕ್ಕರೆ ಏರಿದಾಗ, ಸೋಸಿದ ನೀರು ಮೊದಲು ಹಾದುಹೋಗುವ ಪ್ರಾಕ್ಸಿಮಲ್ ನಾಳ ಎಸ್‌ಜಿಎಲ್‌ಟಿ2 ಎಂಬ ಸಾಗಣೆ ಪ್ರೋಟೀನ್ ಮೂಲಕ ಗ್ಲೂಕೋಸ್ ಜೊತೆ ಸೋಡಿಯಂ ಕೂಡ ಹೆಚ್ಚು ಹೀರುತ್ತದೆ. ಮುಂದೆ ನಾಳದಲ್ಲಿ ಉಪ್ಪನ್ನು ಅಳೆಯುವ ಕೋಶಗಳಾದ ಮ್ಯಾಕುಲಾ ಡೆನ್ಸಾಕ್ಕೆ ಉಪ್ಪು ಕಡಿಮೆ ತಲುಪುತ್ತದೆ. ಸೋಸುವಿಕೆ ಸಾಲದೆಂದು ತಿಳಿದು ಅದು ಒಳಬರುವ ರಕ್ತನಾಳವನ್ನು ಹಿಗ್ಗಿಸುತ್ತದೆ. ಹೊರಹೋಗುವ ನಾಳವನ್ನು ಆಂಜಿಯೊಟೆನ್ಸಿನ್ 2 ಎಂಬ ಹಾರ್ಮೋನ್ ಬಿಗಿಹಿಡಿದಿರುತ್ತದೆ. ನಡುವೆ ಸಿಕ್ಕ ಗ್ಲೊಮೆರುಲಸ್‌ನಲ್ಲಿ ಒತ್ತಡ ಏರುತ್ತದೆ. ಈ ಹಂತದಲ್ಲಿ ಸೋಸುವಿಕೆಯ ವೇಗ, ಅಂದರೆ ಜಿಎಫ್‌ಆರ್ ಹೆಚ್ಚಿರಬಹುದು, ಅದನ್ನು ನೋಡಿ ಕಿಡ್ನಿ ಚೆನ್ನಾಗಿದೆ ಎಂದುಕೊಳ್ಳಬಾರದು.

ಈಗ ಪೊರೆ. ಟಿಜಿಎಫ್-ಬೀಟಾ ಎಂಬ ಬೆಳವಣಿಗೆಯ ಸಂಕೇತದ ಪ್ರಚೋದನೆಯಿಂದ ನಾರಿನ ಪ್ರೋಟೀನ್ ಕೊಲಾಜನ್ ತುಂಬುತ್ತದೆ, ಸಕ್ಕರೆ ಅಂಟಿದ ಪ್ರೋಟೀನುಗಳು ಸುಲಭವಾಗಿ ಕರಗುವುದಿಲ್ಲ. ದಪ್ಪ ಬಂತು, ನೇಯ್ಗೆ ಕೆಟ್ಟಿತು. ಗೋಣಿಚೀಲ ಮಲ್ ಬಟ್ಟೆಗಿಂತ ದಪ್ಪ, ಆದರೆ ಜೋಳದ ಹಿಟ್ಟು ಸೋರುವುದು ಗೋಣಿಯಿಂದಲೇ. ಗ್ಲೈಕೋಕ್ಯಾಲಿಕ್ಸ್ ಸವೆದಿರುತ್ತದೆ. ನನ್ನ ದೃಷ್ಟಿಯಲ್ಲಿ ಎಲ್ಲಕ್ಕಿಂತ ದೊಡ್ಡ ನಷ್ಟ ಪೋಡೋಸೈಟ್‌ನದು: ಪಾದಗಳು ಚಪ್ಪಟೆಯಾಗುತ್ತವೆ, ನೆಫ್ರಿನ್ ಕುಗ್ಗುತ್ತದೆ, ಕೋಶಗಳೇ ಕಳಚಿ ಮೂತ್ರದಲ್ಲಿ ಹೋಗುತ್ತವೆ. ಅವು ವಿಭಜನೆಯಾಗಿ ಆ ಜಾಗ ತುಂಬಲಾರವು. ಗುಚ್ಛದ ನಾಳಗಳ ನಡುವಿನ ಆಧಾರ ಅಂಗಾಂಶವಾದ ಮೆಸಾಂಜಿಯಂ ಊದಿ ಗಂಟುಗಟ್ಟುವುದನ್ನು 1936ರಲ್ಲಿ ಕಿಮ್ಮೆಲ್‌ಸ್ಟೀಲ್ ಮತ್ತು ವಿಲ್ಸನ್ ವರ್ಣಿಸಿದರು. ಮೌಖಿಕ ಪರೀಕ್ಷೆ ವೈವಾದಲ್ಲಿ ಕೇಳಿಯೇ ಕೇಳುತ್ತಾರೆ.

ಕಲಬುರಗಿಯ ಓಪಿಡಿಯಲ್ಲಿ "ನೊರಿ ಭಾಳ ಬರ್ಲತ್ತದರಿ" ಎಂದು ರೋಗಿ ಮೂತ್ರದ ನೊರೆಯ ಬಗ್ಗೆ ಹೇಳುವ ಹೊತ್ತಿಗೆ ಸೋರಿಕೆ ಬಹಳ ಮುಂದುವರಿದಿರುತ್ತದೆ. ಅದಕ್ಕೇ ಮೂತ್ರದ ಅಲ್ಬುಮಿನ್–ಕ್ರಿಯಾಟಿನಿನ್ (ಸ್ನಾಯುವಿನ ತ್ಯಾಜ್ಯ) ಅನುಪಾತ ನೋಡಬೇಕು: ಗ್ರಾಂ ಕ್ರಿಯಾಟಿನಿನ್‌ಗೆ 30 ಮಿಲಿಗ್ರಾಂ ದಾಟಿದರೆ ಎಚ್ಚರ, 300 ದಾಟಿದರೆ ತೀವ್ರ. ಟೈಪ್ 2 ಇದ್ದರೆ ಕಾಯಿಲೆ ಗೊತ್ತಾದ ದಿನವೇ ಈ ಪರೀಕ್ಷೆ, ಟೈಪ್ 1 ಇದ್ದರೆ 5 ವರ್ಷದ ನಂತರ. ಜ್ವರ, ಮೂತ್ರದ ಸೋಂಕು ಇದ್ದಾಗಲೂ ಸಂಖ್ಯೆ ಏರುತ್ತದೆ, ಆದ್ದರಿಂದ ಒಂದೇ ವರದಿ ನೆಚ್ಚಬೇಡಿ.

ಒತ್ತಡದ ಕಥೆ ಹಿಡಿದರೆ ಔಷಧಿ ತಾನೇ ಅರ್ಥವಾಗುತ್ತದೆ. ಎಸಿಇ ತಡೆ ಮಾತ್ರೆ ಆಂಜಿಯೊಟೆನ್ಸಿನ್ 2 ತಯಾರಾಗುವುದನ್ನು ತಡೆದು ಹೊರನಾಳ ಸಡಿಲಿಸುತ್ತದೆ, ಎಸ್‌ಜಿಎಲ್‌ಟಿ2 ತಡೆ ಮಾತ್ರೆಯಿಂದ ಒಳನಾಳದ ಹಿಗ್ಗು ಇಳಿಯುತ್ತದೆ. ಎಸಿಇ ತಡೆ ಶುರುಮಾಡಿದಾಗ ರಕ್ತದ ಕ್ರಿಯಾಟಿನಿನ್ ಶೇ 30ರವರೆಗೆ ಏರಿದರೆ ಸಾಮಾನ್ಯವಾಗಿ ನಿಲ್ಲಿಸುವುದಿಲ್ಲ.

ನಮ್ಮ ಕಡೆಯ ಮೇ ತಿಂಗಳ ಬಿಸಿಲಿನಲ್ಲಿ ಇದಕ್ಕೊಂದು ಅಪಾಯ ಸೇರುತ್ತದೆ. ಎಸಿಇ ತಡೆ ಮಾತ್ರೆ ತಗೊಳ್ಳುತ್ತಿರುವವರು ಹೊಲದಲ್ಲಿ ದುಡಿದು ನೀರು ಕಳೆದುಕೊಂಡು ಮೈಕೈ ನೋವಿಗೆ ಡೈಕ್ಲೋಫೆನಾಕ್ ಕೂಡ ನುಂಗುತ್ತಾರೆ. ಅದು ಒಳನಾಳವನ್ನು ಹಿಗ್ಗಿಸಿಡುವ ಪ್ರಾಸ್ಟಗ್ಲಾಂಡಿನ್ ತಡೆಯುತ್ತದೆ. ಹೊರನಾಳ ಮೊದಲೇ ಸಡಿಲ, ಒಳನಾಳ ಈಗ ಬಿಗಿ; ಸೋಸುವ ಒತ್ತಡವೇ ಕುಸಿದು ಕಿಡ್ನಿ ದಿಢೀರನೆ ಕೈಕೊಡಬಹುದು. ಹಿಸ್ಟರಿ ಕೇಳುವಾಗ "ನೋವಿಗೆ ಯಾವ ಗುಳಿಗಿ ತಗೋತೀರಿ?" ಎಂದು ಬಿಡಿಸಿ ಕೇಳಿ, ಮೆಡಿಕಲ್ ಅಂಗಡಿಯಿಂದ ತಂದದ್ದನ್ನು ಬಹಳ ಜನ ಔಷಧಿಯ ಲೆಕ್ಕಕ್ಕೇ ಹಿಡಿಯುವುದಿಲ್ಲ.